ಜುಬಿಲೀ ಗಾಯಕರು: ವಿದ್ಯಾಶಾಲೆಯೊಂದನ್ನು ಉಳಿಸಿದ ವಿದ್ಯಾರ್ಥಿಗಳ ಚರಿತ್ರೆ

ಗೀತ, ವಾದ್ಯ, ನೃತ್ತಗಳೆಂಬ ಮೂರೂ ಕೂಡಿ ಸಂಗೀತವೆನಿಸುವುದೆಂದು ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ನಿರೂಪಿಸಿದ್ದಾನೆ. ಆದರೂ ನೃತ್ತವು ವಾದ್ಯವನ್ನೂ ವಾದ್ಯವು ಗೀತವನ್ನೂ ಅನುಸರಿಸಿ ನಡೆಯತಕ್ಕವುಗಳಾದುದರಿಂದ ಮೂರರಲ್ಲಿ ಗೀತವೇ ಪ್ರಧಾನವೆಂಬುದು ಆತನ ಮತ. ಭರತಖಂಡದ ಪ್ರಾಚೀನರು ವೀಣೆಗಳನ್ನು ಹೇಳುವಾಗ ಮರದ ವೀಣೆಯ ಜೊತೆಗೆ ದೇಹವೀಣೆಯೊಂದನ್ನೂ ಎಣಿಸಿದರು. ಸಾಮಗರ ಗಾನಕ್ಕೆ ಈ ದೇಹವೀಣೆಯೇ ಸಾಧನವೆಂದರು. ಪಾಶ್ಚಾತ್ಯರಲ್ಲಿಯೂ ವಾದ್ಯದ ಆಸರೆಯಿಲ್ಲದೆ ಹಲವರು ಕೂಡಿ ಕಂಠದಿಂದಲೇ ಹಾಡುವ ಕ್ರಮವುಂಟು. ಅದಕ್ಕೆ ‘ಅ ಕಪೆಲ್ಲ’ ಎಂದು ಹೆಸರು. ಇಟಲಿಯ ಭಾಷೆಯಲ್ಲಿ ‘ದೇವಮಂದಿರದ ರೀತಿಯಲ್ಲಿ’ ಎಂದು ಇದರರ್ಥ. ಅಮೆರಿಕೆಯ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ತಾವೇ ಇಂಥ ಮೇಳಗಳನ್ನು ಕಟ್ಟಿಕೊಂಡು ಹಾಡುವುದು ಇಂದು ಸಾಮಾನ್ಯ ವಿಷಯ. ಯೇಲ್ ವಿಶ್ವವಿದ್ಯಾಲಯದ ಐವರು ತರುಣರು 1909ರಲ್ಲಿ ಕೂಡಿಸಿಕೊಂಡ ‘ವಿಫೆನ್‌ಪೂಫ್ಸ್’ ಎಂಬ ಮೇಳವನ್ನು ಇವುಗಳ ಹಿರಿಯನೆಂದು ಹೇಳುವ ವಾಡಿಕೆಯುಂಟು. ಸ್ಮಿತ್ ಕಾಲೇಜಿನ ವಿದ್ಯಾರ್ಥಿನಿಯರು 1936ರಲ್ಲಿ ತಮ್ಮದೊಂದನ್ನು ಕಟ್ಟಿದರು. ಇವೆಲ್ಲ ವಿನೋದಕ್ಕಾಗಿ, ಸ್ನೇಹಕ್ಕಾಗಿ ಹುಟ್ಟಿದವು. ಆದರೆ ಇವುಗಳಿಗಿಂತ ಒಂದು ತಲೆಮಾರು ಹಿಂದೆಯೇ, ಅನ್ನವಸ್ತ್ರಗಳಿಗೂ ಕೊರತೆಯಿದ್ದ ಇನ್ನೊಂದು ವಿದ್ಯಾಶಾಲೆಯಲ್ಲಿ ಇನ್ನೊಂದು ಮೇಳವು ಹುಟ್ಟಿತ್ತು. ಅದು ಹುಟ್ಟಿದುದು ವಿನೋದಕ್ಕಲ್ಲ. ಶಾಲೆಯ ಬಾಗಿಲು ಮುಚ್ಚದಿರಲೆಂದು. ಆ ಮೇಳದ ಚರಿತ್ರೆಯನ್ನು ಇಲ್ಲಿ ಸಂಗ್ರಹಿಸಿದೆ.

ಅಮೆರಿಕೆಯ ದಕ್ಷಿಣ ಸಂಸ್ಥಾನಗಳಲ್ಲಿ ಆಫ್ರಿಕದಿಂದ ತರಲ್ಪಟ್ಟ ಕೃಷ್ಣವರ್ಣೀಯರ ದಾಸ್ಯವು ತಲೆಮಾರುಗಳಿಂದ ನಡೆದು ಬಂದಿದ್ದುದು ವಾಚಕರಿಗೆ ವಿದಿತವೇ. ಮನುಷ್ಯರನ್ನು ದನಕರುಗಳಂತೆ ಕೊಂಡು ಮಾರುತ್ತಿದ್ದರು. ತಾಯಿಯಿಂದ ಮಗುವನ್ನು, ಗಂಡನಿಂದ ಹೆಂಡತಿಯನ್ನು ಅಗಲಿಸಿ ದೂರದ ಊರುಗಳಿಗೆ ಸಾಗಿಸುತ್ತಿದ್ದರು. ದಾಸರಿಗೆ ಅಕ್ಷರ ಕಲಿಸುವುದು ಹಲವು ಸಂಸ್ಥಾನಗಳಲ್ಲಿ ಅಪರಾಧವಾಗಿತ್ತು. 1861ರಿಂದ 1865ರವರೆಗೆ ನಡೆದ ಅಂತಃಕಲಹದ ಕೊನೆಯಲ್ಲಿ ಈ ದಾಸ್ಯವು ಶಾಸನದ ಮೂಲಕ ಅಳಿಯಿತು. ಬಿಡುಗಡೆಯೇನೋ ಬಂದಿತು, ಆದರೆ ಬಿಡುಗಡೆ ಹೊಂದಿದವರಿಗೆ ನೆಲವಿಲ್ಲ, ಮನೆಯಿಲ್ಲ, ಹಣವಿಲ್ಲ, ವಿದ್ಯೆಯಿಲ್ಲ. ಇವುಗಳಲ್ಲಿ ಮೊದಲು ಅವರು ಹಂಬಲಿಸಿದ್ದು ವಿದ್ಯೆಗಾಗಿ ಎಂಬುದು ಮನನಯೋಗ್ಯವಾದ ಸಂಗತಿ.

ಟೆನೆಸೀ ಸಂಸ್ಥಾನದ ನ್ಯಾಶ್‌ವಿಲ್ ಪಟ್ಟಣದಲ್ಲಿ 1866ನೆಯ ಜನವರಿ 9ರಂದು, ಯುದ್ಧಕಾಲದಲ್ಲಿ ಸೈನ್ಯದ ಆಸ್ಪತ್ರೆಯಾಗಿದ್ದ ಮರದ ಕೊಟ್ಟಿಗೆಗಳಲ್ಲಿ ಒಂದು ಪಾಠಶಾಲೆಯು ತೆರೆಯಲ್ಪಟ್ಟಿತು. ಜಾನ್ ಆಗ್ಡನ್, ಇರಾಸ್ಟಸ್ ಕ್ರಾವತ್, ಎಡ್ವರ್ಡ್ ಸ್ಮಿತ್ ಎಂಬ ಮೂವರು ಅದರ ಸ್ಥಾಪಕರು. ಅಮೆರಿಕನ್ ಮಿಷನರಿ ಸಂಘವು ಅದರ ಪೋಷಕ. ಸಹಾಯಮಾಡಿದ ಸೇನಾಧಿಪತಿ ಕ್ಲಿಂಟನ್ ಫಿಸ್ಕ್ ಎಂಬಾತನ ಹೆಸರನ್ನು ಶಾಲೆಗೆ ಇಟ್ಟರು. ಏಳು ವರ್ಷದ ಬಾಲಕರಿಂದ ಎಪ್ಪತ್ತು ವರ್ಷದ ಮುದುಕರವರೆಗೆ ಎಲ್ಲರೂ ಅಕ್ಷರ ಕಲಿಯಲು ಬಂದರು. ಶಾಲೆಯ ಮಕ್ಕಳಿಗೆ ಪುಸ್ತಕಗಳಿರಲಿಲ್ಲ. ಪಟ್ಟಣದಲ್ಲಿ ಹಿಂದೆ ದಾಸರನ್ನು ಮಾರಾಟಕ್ಕಾಗಿ ಕೂಡಿಡುತ್ತಿದ್ದ ದೊಡ್ಡಿಯ ಸ್ಥಳದಲ್ಲಿ ತುಕ್ಕು ಹಿಡಿದ ಕೈಕೋಳಗಳೂ ಸಂಕೋಲೆಗಳೂ ರಾಶಿಯಾಗಿ ಸಿಕ್ಕವು. ಅವುಗಳನ್ನು ಹಳೆಯ ಕಬ್ಬಿಣದ ಬೆಲೆಗೆ ಮಾರಿ ಬಂದ ಹಣದಿಂದ ಕಾಗುಣಿತದ ಪುಸ್ತಕಗಳನ್ನು ಕೊಂಡರು. ತಮ್ಮ ಹಿರಿಯರ ಕೈಗಳನ್ನು ಕಟ್ಟಿದ್ದ ಕಬ್ಬಿಣವನ್ನು ಮಾರಿ ಅಕ್ಷರವನ್ನು ಕೊಂಡ ವಿದ್ಯಾರ್ಥಿಗಳು ಲೋಕದ ಚರಿತ್ರೆಯಲ್ಲಿ ವಿರಳ. 1867ರಲ್ಲಿ ಈ ಪಾಠಶಾಲೆಯು ವಿಶ್ವವಿದ್ಯಾಲಯವೆಂಬ ಹೆಸರನ್ನು ಶಾಸನಪೂರ್ವಕವಾಗಿ ಪಡೆಯಿತು. ಹೆಸರು ದೊಡ್ಡದಾಯಿತೇ ಹೊರತು ಬೊಕ್ಕಸವು ದೊಡ್ಡದಾಗಲಿಲ್ಲ. ನಾಲ್ಕೈದು ವರ್ಷಗಳಲ್ಲಿ ಮರದ ಕಟ್ಟಡಗಳು ಕೊಳೆಯತೊಡಗಿದವು, ಊಟಕ್ಕೂ ಕಷ್ಟವಾಯಿತು, ಸಾಲವು ಬೆಳೆಯಿತು. ಶಾಲೆಯನ್ನು ಮುಚ್ಚುವ ಮಾತು ಹುಟ್ಟಿತು.

ಆಗ ಶಾಲೆಯ ಕೋಶಾಧಿಕಾರಿಯಾಗಿದ್ದವನು ಜಾರ್ಜ್ ವೈಟ್ ಎಂಬಾತ. ಈತನು ನ್ಯೂಯಾರ್ಕ್ ಸಂಸ್ಥಾನದ ಕಮ್ಮಾರನೊಬ್ಬನ ಮಗ. ಅಂತಃಕಲಹದಲ್ಲಿ ಉತ್ತರದವರ ಪಕ್ಷದಲ್ಲಿ ಯುದ್ಧಮಾಡಿದವನು. ಶ್ವೇತವರ್ಣೀಯನಾದರೂ ಬಿಡುಗಡೆಯಾದ ಜನರ ಸೇವೆಗೆ ತನ್ನನ್ನು ತೆತ್ತುಕೊಂಡವನು. ಸಂಗೀತವನ್ನು ಯಾವ ಗುರುಕುಲದಲ್ಲಿಯೂ ಕ್ರಮವಾಗಿ ಕಲಿತವನಲ್ಲ. ಆದರೆ ಆತನ ಕಿವಿಯು ಬಹು ಸೂಕ್ಷ್ಮವಾಗಿತ್ತು. ಬಿಡುವಿನ ವೇಳೆಗಳಲ್ಲಿ ಆತನು ವಿದ್ಯಾರ್ಥಿಗಳಿಗೆ ಗಾನವನ್ನು ಕಲಿಸುತ್ತಿದ್ದನು. ಬೈಬಲಿನ ಎಸ್ತೇರ್ ರಾಣಿಯ ಕಥೆಯನ್ನು ಕುರಿತ ಗೇಯಪ್ರಬಂಧವೊಂದನ್ನು ಈ ವಿದ್ಯಾರ್ಥಿಗಳು ನ್ಯಾಶ್‌ವಿಲ್ಲಿನ ಸಭೆಯಲ್ಲಿ ಹಾಡಿ ಶ್ವೇತವರ್ಣೀಯರಿಂದಲೂ ಮೆಚ್ಚುಗೆ ಪಡೆದರು. ಇದರಿಂದ ವೈಟನಿಗೆ ಒಂದು ಯೋಚನೆ ಹೊಳೆಯಿತು: ಉತ್ತರದ ಪಟ್ಟಣಗಳಲ್ಲಿ ಸಂಚರಿಸಿ, ಹಾಡಿ, ಶಾಲೆಗೆ ಹಣವನ್ನು ಕೂಡಿಸಬಾರದೇಕೆ?

ಈ ಮೇಳಕ್ಕೆ ಪ್ರಾಣಭೂತಳಾಗಿದ್ದವಳು ಎಲ್ಲಾ ಶೆಪರ್ಡ್ ಎಂಬ ತರುಣಿ. ಈಕೆ 1851ರಲ್ಲಿ ನ್ಯಾಶ್‌ವಿಲ್ಲಿನ ಬಳಿಯ ತೋಟವೊಂದರಲ್ಲಿ ದಾಸಿಯ ಮಗಳಾಗಿ ಹುಟ್ಟಿದಳು. ಒಡತಿಯು ಮಗುವನ್ನು ಮರುಳುಗೊಳಿಸಿ ಅದರ ತಾಯಿಯ ಮೇಲೆಯೇ ಚಾಡಿ ಹೇಳಿಸಿಕೊಳ್ಳುತ್ತಿರುವುದನ್ನು ತಿಳಿದ ತಾಯಿ ಸಾರಾ, ಮಗಳೊಡನೆ ನದಿಗೆ ಬಿದ್ದು ಸಾಯಲು ಹೊರಟಳಂತೆ. ದಾರಿಯಲ್ಲಿ ವೃದ್ಧದಾಸಿಯೊಬ್ಬಳು ಅಡ್ಡನಿಂತು, ಭಗವಂತನ ರಥವು ಇಳಿದು ಬರುವವರೆಗೆ ಕಾಯಬೇಕೆಂದು ಹೇಳಿ ಹಿಂದಿರುಗಿಸಿದಳು. ಮುಂದೆ ಎಲ್ಲಾ ಹೇಳಿದ ಈ ವೃತ್ತಾಂತದಲ್ಲಿ ಆ ಜನರ ಹಾಡುಗಳ ಬೀಜವೇ ಕಾಣುತ್ತದೆ. ದುಡಿದು ತನ್ನ ಬಿಡುಗಡೆಯನ್ನು ಕೊಂಡುಕೊಂಡಿದ್ದ ತಂದೆಯು 350 ಡಾಲರು ತೆತ್ತು ಮಗಳನ್ನು ಬಿಡಿಸಿದನು. ಹೆಂಡತಿಯನ್ನು ಬಿಡಿಸಲು ಒಡತಿಯು ಒಪ್ಪಲಿಲ್ಲ. ಆಕೆಯನ್ನು ದೂರದ ಮಿಸಿಸಿಪಿಗೆ ಒಯ್ದರು. ಸಿನ್ಸಿನಾಟಿಯಲ್ಲಿ ಬೆಳೆದ ಎಲ್ಲಾ ಸಂಗೀತವನ್ನು ಕಲಿಯಲು ಹೋದಾಗ, ಶ್ವೇತವರ್ಣೀಯ ಗುರುವು ಅವಳನ್ನು ರಾತ್ರಿಯ ಹೊತ್ತು, ಹಿಂಬಾಗಿಲಿನಿಂದ, ಯಾರಿಗೂ ಹೇಳಬಾರದೆಂಬ ಕರಾರಿನ ಮೇಲೆ ಸೇರಿಸಿಕೊಂಡಳು. ಹನ್ನೆರಡು ಪಾಠಗಳಾದುವು. ತಂದೆಯು ಕಾಲರಾ ರೋಗದಿಂದ ತೀರಿಕೊಂಡನು. ಹುಡುಗಿಯು ಹಳ್ಳಿಯೊಂದರಲ್ಲಿ ಪಾಠ ಹೇಳಿ, ಉಳಿಸಿದ ಆರು ಡಾಲರುಗಳೊಡನೆ 1868ರಲ್ಲಿ ಫಿಸ್ಕ್ ಶಾಲೆಗೆ ಬಂದಳು. ಯುದ್ಧಾನಂತರ ತಾಯಿಯನ್ನು ಹುಡುಕಿ ಕಂಡುಕೊಂಡಳು. ಫಿಸ್ಕ್ ಶಾಲೆಯ ಮೊದಲ ಕೃಷ್ಣವರ್ಣೀಯ ಉಪಾಧ್ಯಾಯರಲ್ಲಿ ಈಕೆಯೂ ಒಬ್ಬಳು.

ಮಿಕ್ಕ ಗಾಯಕರ ಕಥೆಗಳೂ ಇದಕ್ಕೆ ಕಡಮೆಯಾದವಲ್ಲ. ಬೆಂಜಮಿನ್ ಹೋಮ್ಸ್ ದಾಸನಾಗಿದ್ದಾಗಲೇ ಅಂಗಡಿಗಳ ಫಲಕಗಳನ್ನು ನೋಡಿ ನೋಡಿ ಓದಲು ಕಲಿತನು. ದಾಸರ ಸೆರೆಮನೆಯಲ್ಲಿ ಸಹಬಂದಿಗಳಿಗೆ ಬಿಡುಗಡೆಯ ಘೋಷಣೆಯನ್ನು ಗಟ್ಟಿಯಾಗಿ ಓದಿ ಹೇಳಿದನು. ಥಾಮಸ್ ರಟ್ಲಿಂಗನಿಗೆ ತಾಯಿಯ ವಿಷಯದಲ್ಲಿದ್ದ ಮೊದಲ ನೆನಪು, ಮಾರಾಟವಾಗಿ ಹೋಗುವಾಗ ಆಕೆ ಅವನನ್ನು ಮುದ್ದಿಟ್ಟುದು. ಮ್ಯಾಗಿ ಪೋರ್ಟರ್ ಎಂಬವಳು ಪಾಠ ಹೇಳುತ್ತಿದ್ದ ಹಳ್ಳಿಯ ಶಾಲೆಯನ್ನು ಕೃಷ್ಣವರ್ಣೀಯರ ದ್ವೇಷಿಗಳ ಗುಪ್ತಪಡೆಯು ಸುಟ್ಟುಹಾಕಿತ್ತು. ಮಿನಿ ಟೇಟ್ ಎಲ್ಲರಿಗಿಂತ ಕಿರಿಯಳು, ಹದಿನಾಲ್ಕು ವರ್ಷದವಳು. ಇವರಲ್ಲದೆ ಜೆನಿ ಜ್ಯಾಕ್ಸನ್, ಎಲೈಜ಼ಾ ವಾಕರ್, ಐಸಾಕ್ ಡಿಕರ್ಸನ್, ಗ್ರೀನ್ ಇವಾನ್ಸ್ ಎಂಬವರು. ಎಲ್ಲಾ ಶೆಪರ್ಡಳೊಡನೆ ಒಟ್ಟು ಒಂಬತ್ತು ಮಂದಿ. ಇವರಲ್ಲಿ ಬಹುಮಂದಿ ದಾಸ್ಯದಲ್ಲಿಯೇ ಹುಟ್ಟಿದವರು.

ಇನ್ನು ಇವರ ಹಾಡುಗಳ ವಿಚಾರ. ದಾಸ್ಯದಲ್ಲಿದ್ದ ಜನರು ಹತ್ತಿಯ ಹೊಲಗಳಲ್ಲಿಯೂ, ಇರುಳಿನಲ್ಲಿ ಒಡೆಯರ ಕಣ್ಣು ತಪ್ಪಿಸಿ ಕೂಡುತ್ತಿದ್ದ ಪ್ರಾರ್ಥನೆಗಳಲ್ಲಿಯೂ ಕಟ್ಟಿ ಹಾಡಿದ ಭಕ್ತಿಗೀತೆಗಳು ಅಪಾರವಾಗಿದ್ದುವು. ಕರ್ತೃವಿನ ಹೆಸರಿಲ್ಲ, ಬರೆದಿಟ್ಟ ಪುಸ್ತಕವಿಲ್ಲ, ಬಾಯಿಂದ ಬಾಯಿಗೆ ಬಂದವು. ಕನ್ನಡದಲ್ಲಿ ದಾಸರ ಪದಗಳೆಂದರೆ ಹರಿಗೆ ತಾವಾಗಿ ದಾಸರಾದವರ ಪದಗಳು. ಇವೋ, ಮನುಷ್ಯರಿಂದ ಬಲಾತ್ಕಾರವಾಗಿ ದಾಸರಾದವರು ದೇವರನ್ನು ಕುರಿತು ಮೊರೆಯಿಟ್ಟ ಪದಗಳು. ಈಜಿಪ್ತದ ದಾಸ್ಯದಿಂದ ಇಸ್ರೇಲರನ್ನು ಬಿಡಿಸಿದ ಮೋಶೆಯ ಕಥೆಯನ್ನು ಹಾಡುವಾಗ ಅವರು ತಮ್ಮ ಕಥೆಯನ್ನೇ ಹಾಡುತ್ತಿದ್ದರು. ‘ಸ್ಟೀಲ್ ಅವೇ’ ಎಂಬ ಪ್ರಸಿದ್ಧ ಗೀತದ ಹೆಸರಿಗೆ ಸದ್ದಿಲ್ಲದೆ ಜಾರಿಹೋಗುವುದು ಎಂದರ್ಥ. ದೇವರ ಸನ್ನಿಧಿಗೆ ಹೋಗುವುದೆಂಬುದು ಅದರ ಹೊರಗಿನ ಅಭಿಪ್ರಾಯ. ಕೂಡಿ ಪ್ರಾರ್ಥಿಸುವ ಗುಪ್ತಸ್ಥಳಕ್ಕೆ ಹೋಗುವುದು, ಅಥವಾ ದಾಸ್ಯವನ್ನೇ ಬಿಟ್ಟು ಓಡಿಹೋಗುವುದು ಎಂಬುದು ಒಳಗಿನ ಧ್ವನಿ. ಆಲಂಕಾರಿಕರು ವ್ಯಂಗ್ಯಾರ್ಥವೆಂದು ಕರೆಯುವುದು ಈ ಜನರಿಗೆ ಕಾವ್ಯದ ಸೊಗಸಲ್ಲ, ಪ್ರಾಣರಕ್ಷಣೆಯ ಉಪಾಯವಾಗಿತ್ತು.

ಇಂಥ ಹಾಡುಗಳನ್ನು ಸಭೆಯಲ್ಲಿ ಹಾಡುವ ವಿಚಾರವು ಮೊದಲು ಯಾರ ಮನಸ್ಸಿಗೂ ಬರಲಿಲ್ಲ. ಅವು ದಾಸ್ಯದ ಗುರುತುಗಳು, ಮರೆಯಬೇಕಾದ ಕಾಲದ ಕುರುಹುಗಳು ಎಂಬ ನಾಚಿಕೆ ವಿದ್ಯಾರ್ಥಿಗಳಲ್ಲಿತ್ತು. ಅದರೊಡನೆ, ಅವು ತಮ್ಮ ತಂದೆತಾಯಿಗಳ ಪೂಜಾದ್ರವ್ಯದಂತೆ ಪವಿತ್ರವಾದುವು, ಪರರ ಎದುರಿಗೆ ಇಡತಕ್ಕವಲ್ಲ ಎಂಬ ಭಾವನೆಯೂ ಇತ್ತು. ಎಲ್ಲಾ ಶೆಪರ್ಡ್ ಬರೆದಿರುವ ಪ್ರಕಾರ, ಅವರು ವೈಟನ ಕೊಠಡಿಯಲ್ಲಿ ಕಿಟಕಿ ಬಾಗಿಲುಗಳನ್ನು ಮುಚ್ಚಿಕೊಂಡು, ನೆಲದ ಮೇಲೆ ಕುಳಿತು, ಮೆಲುದನಿಯಲ್ಲಿ ತಮಗೆ ನೆನಪಿದ್ದ ಹಾಡುಗಳನ್ನು ಒಬ್ಬರಿಗೊಬ್ಬರು ಹೇಳಿಕೊಟ್ಟು ಕಲಿತರು. ಇದಕ್ಕೆ ಇನ್ನೂ ಒಂದು ಕಾರಣವಿತ್ತು. ಆ ಕಾಲದಲ್ಲಿ ಶ್ವೇತವರ್ಣೀಯ ನಟರು ಮುಖಕ್ಕೆ ಮಸಿ ಬಳಿದುಕೊಂಡು, ಕೃಷ್ಣವರ್ಣೀಯರ ಮಾತನ್ನೂ ಹಾಡನ್ನೂ ಕುಣಿತವನ್ನೂ ಅಣಕಿಸುವ ಆಟಗಳು ಅಮೆರಿಕೆಯಲ್ಲೆಲ್ಲ ಜನಪ್ರಿಯವಾಗಿದ್ದುವು. ಕೃಷ್ಣವರ್ಣೀಯರು ರಂಗದ ಮೇಲೆ ನಿಂತರೆಂದರೆ ಜನರು ನಗಲು ಸಿದ್ಧರಾಗಿಯೇ ಬರುತ್ತಿದ್ದರು. ತಾಯಂದಿರ ಕಣ್ಣೀರನ್ನು ಅಂಥ ಸಭೆಯ ಮುಂದೆ ಇಡುವುದು ಹೇಗೆ? ವಿದ್ಯಾರ್ಥಿಗಳ ಈ ಸಂಕೋಚವು ಅಂಜುಬುರುಕತನವಲ್ಲ. ಆತ್ಮಗೌರವವೇ ಅದರ ಮೂಲ.

ಸಂಚಾರದ ಯೋಚನೆಗೆ ಪ್ರೋತ್ಸಾಹವು ದೊರೆಯಲಿಲ್ಲ. ಮಿಷನರಿ ಸಂಘವು ಹಣದ ಹೊಣೆಯನ್ನು ಹೊರಲೊಪ್ಪಲಿಲ್ಲ. ತಂದೆತಾಯಿಗಳು ಮಕ್ಕಳನ್ನು ಕಳುಹಿಸಲು ಹೆದರಿದರು. ವೈಟನು ತನ್ನ ಕೈಯಲ್ಲಿದ್ದುದನ್ನೂ, ಶಾಲೆಯ ಬೊಕ್ಕಸದಿಂದ ತೆಗೆಯಬಹುದಾದುದನ್ನೂ, ಸಾಲ ತಂದುದನ್ನೂ ಕೂಡಿಸಿಕೊಂಡು, 1871ನೆಯ ಅಕ್ಟೋಬರ್ 6ರಂದು ಮೇಳದೊಡನೆ ಹೊರಟೇಬಿಟ್ಟನು. ಗಾಯಕರಿಗೆ ಚಳಿಗಾಲಕ್ಕೆ ಬೇಕಾದ ಬಟ್ಟೆಗಳು ಸಹ ಇರಲಿಲ್ಲ. ಹೊರಟ ಎರಡು ದಿನಗಳಲ್ಲಿಯೇ ಶಿಕಾಗೋ ಪಟ್ಟಣಕ್ಕೆ ಬೆಂಕಿ ಬಿದ್ದು ಸಹಸ್ರಾರು ಮಂದಿ ನಿರ್ವಸತಿಗರಾದರು. ಒಹಾಯೋ ಸಂಸ್ಥಾನದಲ್ಲಿ ಹಾಡಿ ಗಳಿಸಿದ ಮೊದಲ ಹಣ ಐವತ್ತು ಡಾಲರಿಗೂ ಕಡಮೆ. ಅದನ್ನು ತಾವು ಇಟ್ಟುಕೊಳ್ಳದೆ ಶಿಕಾಗೋವಿನ ಸಂತ್ರಸ್ತರ ನಿಧಿಗೆ ಕೊಟ್ಟುಬಿಟ್ಟರು. ತಾವೇ ಬೇಡಲು ಹೊರಟವರು ಮಾಡಿದ ಈ ದಾನವು ಅವರ ಸ್ವಭಾವವನ್ನು ತೋರಿಸುತ್ತದೆ.

ಮುಂದಿನ ವಾರಗಳು ಕಷ್ಟದಲ್ಲಿಯೇ ಕಳೆದುವು. ವಸತಿಗೃಹಗಳವರು ಬಣ್ಣವನ್ನು ನೋಡಿ ಬಾಗಿಲು ಮುಚ್ಚಿದರು. ಮಳೆ ಚಳಿಗಳಲ್ಲಿ ರಾತ್ರಿ ಅಲೆದುದುಂಟು. ಸಭೆಗಳಲ್ಲಿ ಬಂದ ಹಣವು ದಾರಿಯ ವೆಚ್ಚಕ್ಕೂ ಸಾಲದಾಯಿತು. ಕೊಲಂಬಸ್ ಪಟ್ಟಣದಲ್ಲಿ ಮುಂದುವರಿಯುವುದೋ ಹಿಂದಿರುಗುವುದೋ ಎಂಬ ಸಂದೇಹ ಬಂದಾಗ ವೈಟನು ರಾತ್ರಿಯೆಲ್ಲ ಪ್ರಾರ್ಥನೆಯಲ್ಲಿ ಕಳೆದು, ಬೆಳಗ್ಗೆ ಮೇಳಕ್ಕೆ ‘ಜುಬಿಲೀ ಗಾಯಕರು’ ಎಂದು ಹೆಸರಿಟ್ಟನು. ಯೆಹೂದ್ಯರ ಧರ್ಮಗ್ರಂಥದಲ್ಲಿ ಐವತ್ತನೆಯ ವರ್ಷಕ್ಕೊಮ್ಮೆ ಬರುವ ಪವಿತ್ರ ಸಂವತ್ಸರಕ್ಕೆ ಜುಬಿಲೀ ಎಂದು ಹೆಸರು; ಆ ವರ್ಷದಲ್ಲಿ ದಾಸರಿಗೆ ಬಿಡುಗಡೆಯಾಗತಕ್ಕದ್ದೆಂದು ವಿಧಿ. ಹೆಸರಿಗೂ ಮೇಳಕ್ಕೂ ಇಷ್ಟು ಚೆನ್ನಾಗಿ ಹೊಂದಿಕೆಯಾದುದು ಅಪೂರ್ವ.

ಅದುವರೆಗೆ ಅವರ ಕಾರ್ಯಕ್ರಮದಲ್ಲಿ ಐರೋಪ್ಯ ಮಾದರಿಯ ಗೀತಗಳೇ ಹೆಚ್ಚು. ತಮ್ಮ ಜನರ ಹಾಡನ್ನು ಕೊನೆಯಲ್ಲಿ ಒಂದೋ ಎರಡೋ ಹಾಡುತ್ತಿದ್ದರು. ಐರೋಪ್ಯ ಗೀತಗಳನ್ನು ಕೇಳಿದವರು ಮರ್ಯಾದೆಗಾಗಿ ಕೈ ತಟ್ಟುತ್ತಿದ್ದರು. ಈ ಹಾಡುಗಳನ್ನು ಕೇಳಿದವರು ಮೌನವಾಗಿ ಅಳುತ್ತಿದ್ದರು. 1871ರ ನವೆಂಬರಿನಲ್ಲಿ ಓಬರ್ಲಿನ್ ಎಂಬಲ್ಲಿ ಕ್ರೈಸ್ತ ಪಾದ್ರಿಗಳ ಮಹಾಸಭೆಯೊಂದು ನಡೆಯುತ್ತಿದ್ದಿತು. ವಿರಾಮಸಮಯದಲ್ಲಿ, ಜನರು ಮಾತಿನಲ್ಲಿ ತೊಡಗಿರುವಾಗ, ಈ ಗಾಯಕರು ‘ಸ್ಟೀಲ್ ಅವೇ’ ಗೀತವನ್ನು ಅತಿ ಮೆಲ್ಲಗೆ ಆರಂಭಿಸಿದರು. ಸಭೆಯ ಗದ್ದಲವು ಕ್ರಮವಾಗಿ ಅಡಗಿ ಎಲ್ಲರೂ ಕಿವಿಗೊಟ್ಟರು. ಅಂದಿನಿಂದ ಮೇಳದ ಅದೃಷ್ಟವು ತಿರುಗಿತು. ಡಿಸೆಂಬರಿನಲ್ಲಿ ಬ್ರೂಕ್ಲಿನ್ನಿನ ಪ್ರಖ್ಯಾತ ಪಾದ್ರಿ ಹೆನ್ರಿ ವಾರ್ಡ್ ಬೀಚರನು ತನ್ನ ದೇವಾಲಯದಲ್ಲಿ ಅವರನ್ನು ಹಾಡಿಸಿದನು. ಪತ್ರಿಕೆಗಳಲ್ಲಿ ಕೆಲವು ಇವರನ್ನೂ ಮಸಿ ಬಳಿದವರ ಆಟದವರೊಡನೆ ಸೇರಿಸಿ ಹಾಸ್ಯಮಾಡಿದುವು. ಆದರೆ ಸಭೆಗಳು ತುಂಬಿದುವು. 1872ರ ಮಾರ್ಚಿಯಲ್ಲಿ ರಾಷ್ಟ್ರಾಧ್ಯಕ್ಷ ಗ್ರಾಂಟನ ಎದುರಿಗೆ ಹಾಡಿದರು. ಈ ಮೊದಲ ಸಂಚಾರದಲ್ಲಿ ಕೂಡಿದ ಹಣ 20,000 ಡಾಲರು. ಅದರಿಂದ ಶಾಲೆಯ ಸಾಲವು ತೀರಿತಲ್ಲದೆ, ಯುದ್ಧಕಾಲದ ಕೋಟೆಯೊಂದು ನಿಂತಿದ್ದ ಎತ್ತರವಾದ ನೆಲವನ್ನು ಹೊಸ ಕಟ್ಟಡಕ್ಕಾಗಿ ಕೊಳ್ಳುವುದೂ ಸಾಧ್ಯವಾಯಿತು.

ಇವರ ಗಾನಕ್ರಮವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಒಬ್ಬರು ಒಂದು ಸೊಲ್ಲನ್ನು ಎತ್ತಿಕೊಡುವುದು, ಉಳಿದವರು ಕೂಡಿ ಉತ್ತರ ಕೊಡುವುದು ಈ ಹಾಡುಗಳ ಸಾಮಾನ್ಯ ರಚನೆ. ಭಜನೆಯ ಕ್ರಮವನ್ನು ಬಲ್ಲವರಿಗೆ ಇದು ಹೊಸದಲ್ಲ. ಆದರೆ ಎಲ್ಲರೂ ಒಂದೇ ಸ್ವರವನ್ನು ಹಾಡುವುದಿಲ್ಲ. ಸ್ತ್ರೀಯರ ಎತ್ತರದ ಕಂಠ ಮೊದಲುಗೊಂಡು ಪುರುಷರ ಮಂದ್ರಕಂಠದವರೆಗೆ ನಾಲ್ಕು ಬಗೆಯ ಕಂಠಗಳು ಏಕಕಾಲದಲ್ಲಿ ಬೇರೆಬೇರೆ ಸ್ವರಗಳನ್ನು ಹಿಡಿದು, ಒಂದಕ್ಕೊಂದು ಸಂವಾದಿಯಾಗಿ ನಿಲ್ಲುತ್ತವೆ. ತಂಬೂರಿಯಾಗಲಿ ಶ್ರುತಿಪೆಟ್ಟಿಗೆಯಾಗಲಿ ಆಧಾರಕ್ಕಿಲ್ಲ. ಒಬ್ಬನ ಶ್ರುತಿ ಕೂದಲೆಳೆಯಷ್ಟು ಜಾರಿದರೆ ಮೇಳವೆಲ್ಲ ಜಾರುತ್ತದೆ. ಆದಕಾರಣ ಹಾಡುವುದಕ್ಕಿಂತ ಮಿಗಿಲಾಗಿ ಪಕ್ಕದವನನ್ನು ಕೇಳುವುದನ್ನು ಕಲಿಯಬೇಕು. ವೈಟನು ಇದನ್ನೇ ಮುಖ್ಯವಾಗಿ ಕಲಿಸಿದನು. ಯಾವ ಕಂಠವೂ ಬೇರೆಯಾಗಿ ಎದ್ದು ಕಾಣಬಾರದು. ಅತಿ ಮೆಲ್ಲನೆಯ ನಾದವೂ ಸಭೆಯ ಕಟ್ಟಕಡೆಯವನಿಗೆ ಸ್ಪಷ್ಟವಾಗಿ ಮುಟ್ಟಬೇಕು. ಗಾಯಕರು ಒತ್ತಾಗಿ ನಿಂತು ಒಂದೇ ಉಸಿರಿನವರಂತೆ ಹಾಡುತ್ತಿದ್ದರು. 1872ರಲ್ಲಿ ಈ ಹಾಡುಗಳನ್ನು ಸ್ವರಲಿಪಿಯಲ್ಲಿ ಬರೆದು ಪ್ರಕಟಿಸಿದ ಥಿಯೊಡೋರ್ ಸ್ಯೂವರ್ಡ್ ಎಂಬ ಸಂಗೀತಜ್ಞನು, ಇವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ನಾಲ್ಕನೆಯ ಮತ್ತು ಏಳನೆಯ ಸ್ವರಗಳಿಲ್ಲದ ಐದು ಸ್ವರಗಳ ಕ್ರಮದಲ್ಲಿವೆಯೆಂದು ಗುರುತಿಸಿದನು. ಮಧ್ಯಮ ನಿಷಾದಗಳನ್ನು ಬಿಟ್ಟ ಈ ಕ್ರಮವು ಮೋಹನರಾಗದ ಸ್ವರಕ್ರಮವೇ ಎಂಬುದನ್ನು ಕರ್ಣಾಟಕ ಸಂಗೀತದ ಪರಿಚಯವುಳ್ಳವರು ಕೂಡಲೇ ಕಾಣಬಹುದು. ರಾಗದ ಸಂಚಾರವೂ ಗಮಕಗಳೂ ಬೇರೆ. ಆದರೂ ಸಮುದ್ರಗಳಾಚೆಯ ಎರಡು ಜನಗಳು ಒಂದೇ ಐದು ಮೆಟ್ಟಲುಗಳ ಮೇಲೆ ನಿಂತುದು ಸೋಜಿಗವೇ ಸರಿ.

1873ರಲ್ಲಿ ಮೇಳವು ಬ್ರಿಟನ್ನಿಗೆ ಹೋಯಿತು. ಮೇ ತಿಂಗಳಲ್ಲಿ ಆರ್ಗೈಲ್ ಪ್ರಭುವಿನ ಲಂಡನ್ ಮಂದಿರದಲ್ಲಿ ವಿಕ್ಟೋರಿಯಾ ರಾಣಿಯ ಎದುರಿಗೆ ಹಾಡಿದರು. ಪ್ರಧಾನಮಂತ್ರಿ ಗ್ಲ್ಯಾಡ್‌ಸ್ಟನ್ ತನ್ನ ಮನೆಗೆ ಆಹ್ವಾನಿಸಿದನು. ಸ್ವದೇಶದ ವಸತಿಗೃಹಗಳಲ್ಲಿ ಮಂಚ ಸಿಕ್ಕದವರಿಗೆ ಪರದೇಶದ ಅರಮನೆಗಳಲ್ಲಿ ಪೀಠ ಸಿಕ್ಕಿತು. ಎಡ್ಮಂಡ್ ಹ್ಯಾವೆಲ್ ಎಂಬ ಚಿತ್ರಕಾರನು ಅವರ ಭಾರಿಯ ಚಿತ್ರವೊಂದನ್ನು ಬರೆದನು. ಈ ಸಂಚಾರದಲ್ಲಿ ಸುಮಾರು 50,000 ಡಾಲರು ಕೂಡಿತು. 1875ರಲ್ಲಿ ಮತ್ತೆ ಯೂರೋಪಿಗೆ ಹೋಗಿ, ಜರ್ಮನಿಯಲ್ಲಿಯೂ ಹಾಡಿದರು. 1878ರಲ್ಲಿ ಹ್ಯಾಂಬರ್ಗಿನಲ್ಲಿ ಮೇಳವು ಚೆದುರುವ ವೇಳೆಗೆ ಒಟ್ಟು ಕೂಡಿದ ಹಣ 1,50,000 ಡಾಲರಿಗೂ ಹೆಚ್ಚು. ಈ ನಡುವೆ ನ್ಯಾಶ್‌ವಿಲ್ಲಿನ ದಿಣ್ಣೆಯ ಮೇಲೆ ‘ಜುಬಿಲೀ ಭವನ’ವು ಎದ್ದುನಿಂತು, 1876ನೆಯ ಜನವರಿ 1ರಂದು ಪ್ರತಿಷ್ಠಿತವಾಯಿತು. ದಕ್ಷಿಣ ಸಂಸ್ಥಾನಗಳಲ್ಲಿ ಕೃಷ್ಣವರ್ಣೀಯರ ಉಚ್ಚ ವಿದ್ಯಾಭ್ಯಾಸಕ್ಕಾಗಿ ಕಟ್ಟಿದ ಮೊದಲ ಶಾಶ್ವತ ಕಟ್ಟಡವೆಂದು ಅದನ್ನು ಎಣಿಸುತ್ತಾರೆ. ಹ್ಯಾವೆಲನ ಚಿತ್ರವು ಅದರಲ್ಲಿಯೇ ಇದೆ. ವರ್ಜೀನಿಯದ ಹ್ಯಾಂಪ್ಟನ್ ವಿದ್ಯಾಶಾಲೆಯವರೂ 1873ರಲ್ಲಿ ಇಂಥದೇ ಮೇಳವನ್ನು ಕಟ್ಟಿ, ಹಾಡಿ, ತಮ್ಮದೊಂದು ಭವನವನ್ನು ನಿರ್ಮಿಸಿಕೊಂಡರು.

ಇಷ್ಟನ್ನು ಮಾತ್ರ ಹೇಳಿ ನಿಲ್ಲಿಸಿದರೆ ಚರಿತ್ರೆಯು ಅರ್ಧವಾದೀತು. ಈ ಭವನಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. ಗಾಯಕರು ವಿದ್ಯಾರ್ಥಿಗಳು, ವಿದ್ಯೆಗಾಗಿ ಹಸಿದು ಬಂದವರು. ವರ್ಷಗಟ್ಟಲೆ ಊರೂರು ತಿರುಗಿದ ಅವರಲ್ಲಿ ಹಲವರ ವ್ಯಾಸಂಗವು ಮುಗಿಯಲೇ ಇಲ್ಲ. ಬೇರೆಯವರು ಓದುವುದಕ್ಕೆ ಮನೆ ಕಟ್ಟಿದವರು ತಾವು ಓದನ್ನು ಬಿಟ್ಟರು. ಚಳಿ, ಪ್ರಯಾಣ, ಬಿಡುವಿಲ್ಲದ ಗಾನಗಳಿಂದ ದೇಹಗಳು ಸೊರಗಿದುವು. ಸೆರೆಮನೆಯಲ್ಲಿ ಬಿಡುಗಡೆಯ ಘೋಷಣೆಯನ್ನು ಓದಿದ ಬೆಂಜಮಿನ್ ಹೋಮ್ಸ್ ಕ್ಷಯರೋಗದಿಂದ ಚಿಕ್ಕವಯಸ್ಸಿನಲ್ಲಿಯೇ ತೀರಿಕೊಂಡನು. ವೈಟನ ಪತ್ನಿ ಲಾರಾ 1874ರಲ್ಲಿ ಗ್ಲಾಸ್ಗೋವಿನಲ್ಲಿ ವಿಷಮಜ್ವರದಿಂದ ಮೃತಳಾದಳು. ವೈಟನ ಆರೋಗ್ಯವೂ ಮುರಿಯಿತು. ಡಿಕರ್ಸನ್ನನೂ ರಟ್ಲಿಂಗನೂ ಬ್ರಿಟನ್ನಿನಲ್ಲಿಯೇ ನೆಲಸಿ ಅಲ್ಲಿಯೇ ಮಣ್ಣಾದರು. ಗ್ರೀನ್ ಇವಾನ್ಸನು ಮುಂದೆ ಟೆನೆಸೀ ಶಾಸನಸಭೆಯ ಸದಸ್ಯನಾದನು. ಎಲ್ಲಾ ಶೆಪರ್ಡ್ ನ್ಯಾಶ್‌ವಿಲ್ಲಿಗೆ ಹಿಂದಿರುಗಿ, ತಾಯಿಗೆ ಮನೆ ಮಾಡಿಕೊಟ್ಟು, ಮದುವೆಯಾಗಿ, 1914ರಲ್ಲಿ ತೀರಿಕೊಳ್ಳುವವರೆಗೆ ಆ ಜನರ ಸೇವೆಯಲ್ಲಿಯೇ ಇದ್ದಳು.

ಮೇಳವು ಚೆದುರಿದ ಮೇಲೂ ಹಾಡುಗಳು ನಿಲ್ಲಲಿಲ್ಲ. ಫ್ರೆಡರಿಕ್ ಲೌಡಿನ್ ಎಂಬ ಮಂದ್ರಕಂಠದ ಗಾಯಕನು ವಿದ್ಯಾಶಾಲೆಯ ಆಶ್ರಯವಿಲ್ಲದೆ ಸ್ವತಂತ್ರವಾಗಿ ಮೇಳವನ್ನು ನಡೆಸಿ, 1884ರಿಂದ 1890ರವರೆಗೆ ಭೂಮಂಡಲವನ್ನೇ ಸುತ್ತಿದನು. ಆಸ್ಟ್ರೇಲಿಯಾ, ನ್ಯೂಜ಼ಿಲೆಂಡುಗಳ ತರುವಾಯ 1889-90ರಲ್ಲಿ ಈ ಮೇಳವು ಸಿಂಹಳಕ್ಕೂ ಭರತಖಂಡಕ್ಕೂ ಬಂದಿತು. ಆಗ್ರಾದ ತಾಜಮಹಲಿನ ಗುಮ್ಮಟದ ಕೆಳಗೆ ಅವರು ಹಾಡಿದರೆಂದು ಅವರ ಪ್ರವಾಸವೃತ್ತಾಂತವು ತಿಳಿಸುತ್ತದೆ. ನಾದವನ್ನು ಬಹುಕಾಲ ಹಿಡಿದಿಟ್ಟುಕೊಳ್ಳುವ ಆ ಗುಮ್ಮಟದಲ್ಲಿ, ಚಕ್ರವರ್ತಿಯೊಬ್ಬನು ತನ್ನ ಮಡದಿಗಾಗಿ ಕಟ್ಟಿಸಿದ ಅಮೃತಶಿಲೆಯ ನಡುವೆ, ಹೆಸರಿಲ್ಲದ ದಾಸರು ಕಟ್ಟಿದ ಹಾಡು ಅಂದು ಮೊಳಗಿತು.

ಶಾಲೆಯಲ್ಲಿಯೋ, ಹಳೆಯ ನಾಚಿಕೆಯು ಮತ್ತೆ ತಲೆಯೆತ್ತಿತು. ಹೊಸ ತಲೆಮಾರಿನ ವಿದ್ಯಾರ್ಥಿಗಳಲ್ಲಿ ಕೆಲವರು, ದಾಸ್ಯದ ಹಾಡುಗಳನ್ನು ಇನ್ನೇಕೆ ಹಾಡಬೇಕೆಂದು ಮುಖ ತಿರುಗಿಸಿದರು. ಗ್ರೀಕ್ ಲ್ಯಾಟಿನ್ ಭಾಷೆಗಳ ಅಧ್ಯಾಪಕನಾಗಿದ್ದ ಜಾನ್ ವೆಸ್ಲಿ ವರ್ಕ್ ಎಂಬ ಕೃಷ್ಣವರ್ಣೀಯ ಪಂಡಿತನು ಅವರ ಮನವೊಲಿಸಿ, ಹಾಡುಗಳನ್ನು ಸಂಗ್ರಹಿಸಿ, ಮೇಳವನ್ನು ಮತ್ತೆ ಎತ್ತಿ ನಿಲ್ಲಿಸಿದನು. 1909ರಲ್ಲಿ ಆತನೂ ಇನ್ನು ಮೂವರೂ ಸೇರಿ ಹಾಡಿದ ‘ಸ್ವಿಂಗ್ ಲೋ, ಸ್ವೀಟ್ ಚಾರಿಯಟ್’ ಎಂಬ ರಥದ ಗೀತವು ಧ್ವನಿಮುದ್ರಿಕೆಯಾಗಿ ಹೊರಬಂದು, 2002ರಲ್ಲಿ ಅಮೆರಿಕೆಯ ರಾಷ್ಟ್ರೀಯ ಧ್ವನಿಮುದ್ರಿಕೆಗಳ ಪಟ್ಟಿಯಲ್ಲಿ ಸೇರಿತು. ಫಿಸ್ಕ್ ಶಾಲೆಯಲ್ಲಿಯೇ ಓದಿ 1888ರಲ್ಲಿ ಪದವಿ ಪಡೆದ ಡು ಬಾಯ್ಸ್ ಎಂಬ ಮಹಾವಿದ್ವಾಂಸನು 1903ರಲ್ಲಿ ಪ್ರಕಟಿಸಿದ ತನ್ನ ಪ್ರಸಿದ್ಧ ಗ್ರಂಥದ ಕೊನೆಯ ಅಧ್ಯಾಯವನ್ನು ಈ ದುಃಖಗೀತೆಗಳಿಗೆ ಮೀಸಲಿಟ್ಟನು. ವಿರುದ್ಧವಾದ ಮತವೂ ಇಲ್ಲದಿಲ್ಲ. ಜನಪದಗಳನ್ನು ಶೋಧಿಸಿದ ಲೇಖಕಿ ಜ಼ೋರಾ ನೀಲ್ ಹರ್ಸ್ಟನ್ 1934ರಲ್ಲಿ, ಸಭೆಗಾಗಿ ತಿದ್ದಿ ನಯಗೊಳಿಸಿದ ಈ ಗಾನವು ಹೊಲಗಳ ನಿಜವಾದ ಗಾನವಲ್ಲವೆಂದು ಆಕ್ಷೇಪಿಸಿದಳು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಬಾಯಿಯ ಹಾಡು ಲಿಪಿಗೆ ಬಂದಾಗ, ಹೊಲದ ಹಾಡು ರಂಗಕ್ಕೆ ಬಂದಾಗ, ಏನನ್ನೋ ಕಳೆದುಕೊಳ್ಳದೆ ಬರುವುದಿಲ್ಲ. ಆದರೆ ಮುಚ್ಚಿದ ಕೊಠಡಿಯಲ್ಲಿ ಆ ತರುಣರು ತಮ್ಮ ಹಾಡುಗಳನ್ನು ನೆನೆದು ಕೂಡಿಸಿ, ಸಂಕೋಚವನ್ನು ಮೀರಿ ಸಭೆಗೆ ತರದಿದ್ದರೆ, ದಾಸ್ಯವನ್ನು ಕಂಡ ಹಿರಿಯರೊಡನೆ ಎಷ್ಟು ಹಾಡುಗಳು ಮಣ್ಣಾಗುತ್ತಿದ್ದುವೋ ಯೋಚಿಸಬೇಕು.

ಈ ಚರಿತ್ರೆಯಲ್ಲಿ ಕೀರ್ತಿಯನ್ನು ಸಾಮಾನ್ಯವಾಗಿ ವೈಟನಿಗೂ ದಾನಿಗಳಿಗೂ ಕೊಡುವುದುಂಟು. ವೈಟನ ಸಾಹಸವು ದೊಡ್ಡದೇ. ಆದರೆ ಆತನು ಪಣವಾಗಿ ಇಟ್ಟುದು ಹಣವನ್ನೂ ಆರೋಗ್ಯವನ್ನೂ; ವಿದ್ಯಾರ್ಥಿಗಳು ಇಟ್ಟುದು ತಮ್ಮ ತಂದೆತಾಯಿಗಳ ಅಂತರಂಗವನ್ನು. ನಗಲು ಬಂದ ಸಭೆಯ ಮುಂದೆ ಅದನ್ನು ಇಟ್ಟು, ನಗದಂತೆ ಮಾಡುವ ಶಕ್ತಿ ಹಣದಿಂದ ಬರತಕ್ಕದ್ದಲ್ಲ. ಅವರು ತಮ್ಮ ಹಾಡನ್ನು ಅಣಕದ ಆಟಕ್ಕೆ ತಕ್ಕಂತೆ ಬದಲಿಸಲಿಲ್ಲ, ವೇಷ ಹಾಕಲಿಲ್ಲ, ನೆಟ್ಟಗೆ ನಿಂತು, ಮೆಲ್ಲಗೆ ಹಾಡಿದರು. ಕೇಳುವವರೇ ತಮ್ಮನ್ನು ತಿದ್ದಿಕೊಳ್ಳಬೇಕಾಯಿತು.

ಮೇಳವು ಇಂದಿಗೂ ಇದೆ. ಇಂದಿಗೂ ಅದರಲ್ಲಿ ಹಾಡುವವರು ಫಿಸ್ಕ್ ವಿದ್ಯಾರ್ಥಿಗಳೇ. 2008ರಲ್ಲಿ ಅಮೆರಿಕೆಯ ರಾಷ್ಟ್ರೀಯ ಕಲಾಪದಕವೂ, ನೂರೈವತ್ತನೆಯ ವರ್ಷದ ಸ್ಮಾರಕವಾಗಿ ಹೊರಬಂದ ಧ್ವನಿಮುದ್ರಿಕೆಗೆ 2021ರಲ್ಲಿ ಗ್ರ್ಯಾಮಿ ಪ್ರಶಸ್ತಿಯೂ ದೊರೆತುವು. ರಂಗದ ಮೇಲೆ ಅವರಿಗೆ ಎದುರಾಗಿ ನಿಂತು ಕೈಸನ್ನೆ ಮಾಡುವ ನಿರ್ದೇಶಕನಿರುವುದಿಲ್ಲ. ಒಬ್ಬರ ಉಸಿರನ್ನು ಒಬ್ಬರು ಕೇಳಿ ಒಟ್ಟಿಗೆ ಆರಂಭಿಸುತ್ತಾರೆ. ಪ್ರತಿ ವರ್ಷವೂ ಅಕ್ಟೋಬರ್ 6ರಂದು ಶಾಲೆಯಲ್ಲಿ ಜುಬಿಲೀ ದಿನವನ್ನು ಆಚರಿಸುತ್ತಾರೆ. ಅಂದು ಗಾಯಕರು ಮೊದಲ ಮೇಳದವರ ಸಮಾಧಿಗಳಿರುವ ರುದ್ರಭೂಮಿಗೆ ಹೋಗಿ ಹಾಡುತ್ತಾರೆ. ನ್ಯಾಶ್‌ವಿಲ್ಲಿನ ಹಳೆಯ ರುದ್ರಭೂಮಿಯಲ್ಲಿ ಎಲ್ಲಾ ಶೆಪರ್ಡಳ ಸಮಾಧಿಯೂ ಇದೆ. ಹಿಂಬಾಗಿಲಿನಿಂದ ಹೋಗಿ ಹನ್ನೆರಡು ಪಾಠಗಳನ್ನು ಕಲಿತ ಆ ಬಾಲಿಕೆಯಿಂದ ಮೊದಲುಗೊಂಡ ಶಿಷ್ಯಪರಂಪರೆಯು ನೂರೈವತ್ತು ವರ್ಷಗಳಿಂದ ನಡೆದು ಬಂದಿದೆ.